ಫಿರಂಗಿ ಗುಂಡಿನ ಮರದಿಂದ ಶುರುವಾಗಿದ್ದು

ಚಾಮರಾಜಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ ಮಾಡುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಚುನಾವಣೆ ಬಂದರೆ ಕರಪತ್ರ. ದಿನವಿಡೀ ಕನ್ನಡವನ್ನೇ ಕುಟ್ಟುತ್ತಿದ್ದರೂ ಅದರಲ್ಲಿ ಮರಗಿಡದ ಸುದ್ದಿ ಬರುವುದು ಲಗ್ನಪತ್ರಿಕೆಯ ಮೂಲೆಯ ಬಾಳೆಕಂದು, ಮಾವಿನ ತೋರಣದ ಚಿತ್ರದಲ್ಲಿ ಮಾತ್ರ.

ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದುಕೊಂಡು ಬಂದಳು. ಅವಳೂ ಅವಳ ಗೆಳೆಯರೂ ಸೇರಿ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಜನರನ್ನು ಕರೆದುಕೊಂಡು ಹೋಗಿ ಮರ ತೋರಿಸುತ್ತಾರಂತೆ. ಇಂಗ್ಲಿಷಿನ ಕೈಪತ್ರ ಇದೆ, ಕನ್ನಡದ್ದೂ ಬೇಕು, ಐನೂರು ಪ್ರತಿ. ಯಾರೋ ಆಗಲೇ ಕನ್ನಡ ಮಾಡಿಕೊಟ್ಟಿದ್ದಾರೆ, ನಾನು ಪುಟ ಕಟ್ಟಿಕೊಟ್ಟರೆ ಸಾಕು.

ಮೂರನೇ ಮರದ ಹತ್ತಿರ ಬೆರಳು ನಿಂತಿತು. 'ಫಿರಂಗಿ ಗುಂಡಿನ ಮರ' ಅಂತ ಬರೆದಿತ್ತು. ಅದೆಂಥ ಮರವಪ್ಪಾ ಎಂದು ಪಕ್ಕದ ಫೋಟೋ ದೊಡ್ಡದು ಮಾಡಿ ನೋಡಿದರೆ, ನಾಗಲಿಂಗ! ಗದಗದ ಹತ್ತಿರದ ನಮ್ಮೂರಲ್ಲಿ ಈಶ್ವರನ ಗುಡಿಯ ಮುಂದೆ ಇದ್ದದ್ದು ಇದೇ ಮರ. ಅದರ ಕೆಳಗೆ ಕೂತು ನಾನು ಮಗ್ಗಿ ಕಲಿತಿದ್ದೇನೆ. ಮುಂದೆ ಹೋದರೆ 'ಕಾಡಿನ ಜ್ವಾಲೆ'. ಅದು ಮುತ್ತುಗ. ನಮ್ಮ ಕಡೆ ಮುತ್ತಲ. ಮುತ್ತಲ ಎಲೆಯಲ್ಲಿ ಉಂಡು ಬೆಳೆದವಳಿಗೆ ಕಾಡಿನ ಜ್ವಾಲೆ ಅಂದರೆ ಕಾಡಿಗೆ ಬೆಂಕಿ ಬಿದ್ದಿದೆ ಅಂತಲೇ ಅರ್ಥ.

ಪುಟ ಕಟ್ಟುವವಳು ಬರಹ ತಿದ್ದಬಾರದು. ಅದು ನಮ್ಮ ಕಸುಬಿನ ನಿಯಮ. ಮದುಮಗನ ಹೆಸರು ತಪ್ಪಾಗಿದ್ದರೂ ಕೇಳಿಯೇ ತಿದ್ದಬೇಕು. ಹಾಗಾಗಿ ಫೋನ್ ಮಾಡಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡು, "ಅಯ್ಯೋ ಆಂಟಿ, ನಮ್ಮಲ್ಲಿ ಯಾರಿಗೂ ಗೊತ್ತೇ ಆಗ್ಲಿಲ್ಲ. ನೀವೇ ಒಂದು ಭಾನುವಾರ ಬಂದುಬಿಡಿ" ಅಂದಳು. ಬಾಯಿಮಾತಿಗೆ ಕರೆದದ್ದೋ ನಿಜವಾಗಿ ಕರೆದದ್ದೋ ಎಂದು ಎರಡು ದಿನ ಯೋಚಿಸಿದೆ.

ನಾಚಿಕೆಯ ಸಂಗತಿ ಏನೆಂದರೆ, ನಮ್ಮ ಮನೆ ಇರುವುದು ಸಿದ್ಧಾಪುರದಲ್ಲಿ. ಲಾಲ್‌ಬಾಗಿನ ಸಿದ್ಧಾಪುರ ಗೇಟಿಗೆ ನಡೆದುಕೊಂಡು ಹೋಗಬಹುದು. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷದಲ್ಲಿ ನಾನು ಒಳಗೆ ಹೋಗಿದ್ದು ಊರಿಂದ ನೆಂಟರು ಬಂದಾಗ, ಹೂವಿನ ಪ್ರದರ್ಶನ ಇದ್ದಾಗ. ಉಳಿದಂತೆ ಅದು ನನಗೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ. ಬಸ್ಸಿಗೆ ಹೋಗುವಾಗ ಪಕ್ಕದಲ್ಲಿ ಸಿಗುತ್ತಿತ್ತು.

ಮೊದಲ ಭಾನುವಾರ ಏಳು ಗಂಟೆಗೆ ಹೋದೆ. ಸುಮಾರು ಇಪ್ಪತ್ತೈದು ಜನ. ಕುತ್ತಿಗೆಗೆ ದುರ್ಬೀನು ಹಾಕಿಕೊಂಡವರು, ಶೂ ಹಾಕಿಕೊಂಡವರು, ನೀರಿನ ಸ್ಟೀಲ್ ಬಾಟಲಿ ಹಿಡಿದವರು. ನಾನು ಚಪ್ಪಲಿಯಲ್ಲಿ, ವ್ಯಾನಿಟಿ ಬ್ಯಾಗಿನಲ್ಲಿ. ತೋರಿಸುವವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯರು, ಎಲ್ಲರೂ ಅವರನ್ನು ಸರ್ ಅನ್ನುತ್ತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಅರ್ಧ ಅರ್ಥವಾಯಿತು, ಅರ್ಧ ಅವರ ಕೈ ನೋಡಿ ತಿಳಿದುಕೊಂಡೆ.

ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಹತ್ತಿರ ನಿಂತಾಗ ಅವರು ಈ ಕಲ್ಲಿಗೆ ಮೂರು ಬಿಲಿಯನ್ ವರ್ಷ ಅಂದರು. ನನ್ನ ಪಕ್ಕದಲ್ಲಿದ್ದ ಆಟೋ ಡ್ರೈವರ್ ಒಬ್ಬರು, ಮಗಳನ್ನು ಕರೆದುಕೊಂಡು ಬಂದಿದ್ದವರು, "ಬಿಲಿಯನ್ ಅಂದ್ರೆ ಎಷ್ಟು ಕೋಟಿ ಸಾರ್?" ಅಂತ ಕೇಳಿಬಿಟ್ಟರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊನ್ನೆ ಎಣಿಸುವುದು ನನಗೆ ದಿನದ ಕೆಲಸ. ರಸೀದಿ ಪುಸ್ತಕದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಓನರ್ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ. "ಮುನ್ನೂರು ಕೋಟಿ ವರ್ಷ" ಅಂದೆ. ಅದು ಆವತ್ತು ನಾನು ಆಡಿದ ಒಂದೇ ಮಾತು. ಆಟೋದವರು ಕೂಡಲೇ ಚಪ್ಪಲಿ ಬಿಟ್ಟು ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಭೂವಿಜ್ಞಾನ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ ಎಂಬುದನ್ನು ಸರ್ ಆಮೇಲೆ ಹೇಳಿದರು. ಆ ಹೊತ್ತಿಗೆ ಕಲ್ಲಿಗೆ ಸಲ್ಲಬೇಕಾದ ಮರ್ಯಾದೆ ಸಂದಾಗಿತ್ತು.

ವಾಪಸ್ ಹೋಗುವಾಗ ಸರ್ ನನ್ನ ಹತ್ತಿರ ಬಂದು ಅಚ್ಚ ಕನ್ನಡದಲ್ಲಿ, "ನೀವೇನಮ್ಮಾ ನಾಗಲಿಂಗದವರು?" ಅಂದರು. ಆ ಹೆಸರು ಆಮೇಲೂ ಅಂಟಿಕೊಂಡಿತು.

ಈ ತಂಡದ ಒಂದು ರೂಢಿ: ಕಾಯಂ ಬರುತ್ತೇನೆ ಅನ್ನುವವರಿಗೆ ಮೊದಲು ಮಾತಾಡಲು ಬಿಡುವುದಿಲ್ಲ, ಒಂದು ಮರ ಕೊಡುತ್ತಾರೆ. ಸೀಸನ್‌ವಾಚ್ ಅಂತ ದೇಶದ ತುಂಬಾ ನಡೆಯುವ ಒಂದು ಕೆಲಸ ಇದೆ. ಸಾಮಾನ್ಯ ಜನ ತಮಗೆ ಬೇಕಾದ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದನ್ನೇ ನೋಡಿ ಬರೆದಿಡುವುದು. ನಾವು ನೋಡುವುದು ಅದೇ ರೀತಿ. ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಅರಳಿದ ಹೂ, ಎಳೆಗಾಯಿ, ಹಣ್ಣು. ಪ್ರತಿಯೊಂದಕ್ಕೂ ಮೂರೇ ಉತ್ತರ: ಇಲ್ಲ, ಸ್ವಲ್ಪ, ತುಂಬಾ. ಇಷ್ಟೇನಾ ಅನ್ನಿಸಿತು. ಮೂರನೇ ವಾರಕ್ಕೆ ಇದು ಪ್ರೂಫ್ ನೋಡುವುದಕ್ಕಿಂತ ಕಷ್ಟ ಎಂದು ಗೊತ್ತಾಯಿತು. ಪ್ರೂಫಿನಲ್ಲಿ ತಪ್ಪು ಹುಡುಕಿದರೆ ಸಿಗುತ್ತದೆ. ಇಲ್ಲಿ ಹೋದ ವಾರಕ್ಕೂ ಈ ವಾರಕ್ಕೂ ಏನೂ ಬದಲಾಗಿಲ್ಲ ಅನ್ನಿಸಿದಾಗಲೂ ನಿಂತು ನೋಡಬೇಕು.

ನಾನು ಕೇಳಿ ಪಡೆದದ್ದು ಒಂದು ಹೊಂಗೆ. ಕೆರೆಯ ಕಡೆ ಹೋಗುವ ದಾರಿಯಲ್ಲಿ, ಹೆಸರಿನ ಫಲಕವೂ ಇಲ್ಲದ ಸಾದಾ ಮರ. ಅಪರೂಪದ ಮರ ತಗೊಳ್ಳಿ ಆಂಟಿ ಎಂದು ಹುಡುಗಿ ಹೇಳಿದಳು. ನಮ್ಮ ಕಡೆ ಅದನ್ನು ಹುಲಿಗಿಲಿ ಅನ್ನುತ್ತಾರೆ, ಅಜ್ಜಿ ಅದರ ಎಣ್ಣೆಯ ದೀಪದ ಮಾತು ಹೇಳುತ್ತಿದ್ದಳು, ನನಗೆ ಅದೇ ಸಾಕು ಅಂದೆ.

ನವೆಂಬರ್, ಡಿಸೆಂಬರ್ ಪೂರ್ತಿ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ಬಲಿತ ಎಲೆ ತುಂಬಾ, ಎಳೆಗಾಯಿ ತುಂಬಾ, ಉಳಿದದ್ದು ಇಲ್ಲ. ಬೇಜಾರಾಗಿ ಎಲೆಯನ್ನೇ ಹತ್ತಿರದಿಂದ ನೋಡಲು ಶುರುಮಾಡಿದೆ. ಎಲೆಯ ತುಂಬಾ ಮೊಡವೆ ಎದ್ದ ಹಾಗೆ ಗಂಟುಗಳು. ರೋಗ ಬಂದಿದೆ ಎಂದು ಗಾಬರಿಯಾಗಿ ಫೋಟೋ ಕಳಿಸಿದರೆ ಸರ್ ನಕ್ಕರು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಎಲೆಯನ್ನು ಕೆರಳಿಸಿದಾಗ ಎಲೆಯೇ ಊದಿ ಅವಕ್ಕೆ ಮನೆಯಾಗುವುದಂತೆ. ಮರಕ್ಕೆ ಅದರಿಂದ ಅಂಥ ತೊಂದರೆ ಇಲ್ಲ. ಊರಲ್ಲಿ ಚಿಕ್ಕವರಿದ್ದಾಗ ಆ ಗಂಟುಗಳನ್ನು ಉಗುರಲ್ಲಿ ಚಿವುಟಿ ಆಡಿದ್ದು ನೆನಪಾಯಿತು. ನೋಡಿದ್ದನ್ನೇ ನಲವತ್ತು ವರ್ಷ ಆದಮೇಲೆ ಮತ್ತೆ ನೋಡುತ್ತಿದ್ದೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ನಾನು ಕತ್ತೆತ್ತಿ ಕೊಂಬೆ ಕೊಂಬೆ ಎಣಿಸುತ್ತಾ ನಿಂತಿದ್ದೆ. ಅಲ್ಲಿ ದಾರಿ ಗುಡಿಸುವ ಒಬ್ಬ ಅಕ್ಕ ಇದ್ದಾರೆ. ಮೂರು ತಿಂಗಳಿಂದ ನನ್ನನ್ನು ನೋಡುತ್ತಿದ್ದವರು ಆವತ್ತು ತಡೆಯಲಾರದೆ ಕೇಳಿಯೇಬಿಟ್ಟರು.

"ಏನಮ್ಮಾ, ವಾರ ವಾರ ಬಂದು ಮೇಲೆ ನೋಡ್ತೀಯಲ್ಲ, ಏನು ಕಳಕೊಂಡಿದ್ದೀಯ?"

ಹೇಳಿದೆ. ಅವರು ಪೊರಕೆ ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಂಡರು.

"ಮೇಲೆ ನೋಡಿದ್ರೆ ಏನು ಕಾಣ್ತದೆ? ಕೆಳಗೆ ನೋಡು. ಮರ ಏನು ಮಾಡ್ತೈತೆ ಅಂತ ನನ್ನ ಪೊರಕೆಗೆ ಮೊದಲು ಗೊತ್ತಾಗ್ತದೆ. ಇದಿದೆಯಲ್ಲ ನಿನ್ನ ಹೊಂಗೆ, ಶಿವರಾತ್ರಿ ಹತ್ರ ಬಂತು ಅಂದ್ರೆ ನನ್ನ ಸೊಂಟ ಮುರಿಯುತ್ತೆ. ಗುಡಿಸಿ ತಿರುಗಿ ನೋಡೋದ್ರಲ್ಲಿ ಮತ್ತೆ ಅಷ್ಟೇ ಎಲೆ. ಹದಿನೈದು ದಿನ. ಆಮೇಲೆ ಸುಮ್ಮನಾಗ್ತದೆ. ಹೂವಾದ್ರೆ ಪರವಾಗಿಲ್ಲ, ಹಗುರ."

ಆವತ್ತಿನಿಂದ ನಾನು ಮೊದಲು ನೆಲ ನೋಡಿ ಆಮೇಲೆ ತಲೆ ಎತ್ತುತ್ತೇನೆ. ಅವರು ಹೇಳಿದ ಹಾಗೇ ಆಯಿತು. ಶಿವರಾತ್ರಿಯ ಆಸುಪಾಸಿನಲ್ಲಿ ಮರ ಹೆಚ್ಚುಕಡಿಮೆ ಬೋಳಾಯಿತು, ಹಿಂದಿನ ವರ್ಷದ ಕಾಯಿ ಮಾತ್ರ ಒಣಗಿ ಜೋತಾಡುತ್ತಿತ್ತು. ಎರಡೇ ವಾರಕ್ಕೆ ತಾಮ್ರದ ಬಣ್ಣದ ಚಿಗುರು. ಯುಗಾದಿಗೆ ಅದೇ ಚಿಗುರು ತಿಳಿಹಸಿರಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಏಪ್ರಿಲಿನಲ್ಲಿ ನಾನು 'ಹೂ: ಇಲ್ಲ' ಎಂದು ಬರೆಯಲು ಪೆನ್ನು ತೆಗೆದವಳು ನೆಲ ನೋಡಿದೆ. ಮಂಡಕ್ಕಿ ಚೆಲ್ಲಿದ ಹಾಗೆ ಹೂ ಬಿದ್ದಿತ್ತು. ಬಿಳಿಗೆ ಸ್ವಲ್ಪ ನೇರಳೆ ಬೆರೆಸಿದ ಬಣ್ಣ, ಹುರುಳಿ ಹೂವಿನಷ್ಟು ಸಣ್ಣದು. ಮೇಲೆ ನೋಡಿದರೆ ಎಲೆಯ ಸಂದಿಯಲ್ಲಿ ಗೊಂಚಲು, ಜೇನಿನ ಸದ್ದು. ನಾನು 'ಸ್ವಲ್ಪ' ಎಂದು ಬರೆದೆ. ನೆಲ ನೋಡಿ 'ತುಂಬಾ' ಎಂದು ತಿದ್ದಿದೆ.

ಅದಕ್ಕೂ ಮೊದಲು ಜನವರಿಯಲ್ಲಿ ಗಣರಾಜ್ಯೋತ್ಸವದ ಹೂವಿನ ಪ್ರದರ್ಶನ ಬಂತು. ಸ್ವಯಂಸೇವಕರು ಬೇಕು ಅಂದರು, ನಾನೂ ಹೆಸರು ಕೊಟ್ಟೆ. ನನ್ನ ಕಲ್ಪನೆಯಲ್ಲಿ ಗಾಜಿನಮನೆಯ ಬಾಗಿಲಲ್ಲಿ ನಿಂತು ಬಂದವರಿಗೆ ಹೂವಿನ ಹೆಸರು ಹೇಳುವುದಿತ್ತು. ಸಿಕ್ಕಿದ್ದು ಗೇಟಿನ ಹತ್ತಿರ ಪ್ಲಾಸ್ಟಿಕ್ ಕವರು ತಡೆಯುವ ಕೆಲಸ. ಜನ ನನ್ನನ್ನು ಕೇಳಿದ ಪ್ರಶ್ನೆಯೂ ಒಂದೇ: "ಬಾತ್‌ರೂಮ್ ಎಲ್ಲಿ?" ಮೊದಲ ದಿನ ಎಣಿಸಲು ನೋಡಿದೆ, ನೂರು ದಾಟಿದ ಮೇಲೆ ಕೈಬಿಟ್ಟೆ. ಮಲ್ಲಿಗೆ ಹೂವಿನ ಮಾಲೆಯನ್ನು ಕವರಿನಲ್ಲಿ ಇಟ್ಟುಕೊಂಡು ಬಂದ ಹೆಂಗಸೊಬ್ಬರು, "ಹೂ ನೋಡಕ್ಕೆ ಬಂದಿರೋಳ ಹೂವೇ ಕಿತ್ಕೊಳ್ತೀಯಲ್ಲ" ಎಂದು ಬೈದರು. ಕವರು ಕೊಡಿ, ಹೂ ಮುಡ್ಕೊಳ್ಳಿ ಅಂದೆ. ಅಲ್ಲೇ ನಿಂತು ಮುಡಿದುಕೊಂಡು, ಉಳಿದ ಮೊಳವನ್ನು ನನಗೆ ಕೊಟ್ಟು ಹೋದರು.

ಮೂರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಾಜಿನಮನೆ ಹತ್ತಿರ ಹೋದೆ. ಒಳಗೆ ನೂಕುನುಗ್ಗಲು, ಹೂವಿಗಿಂತ ಮೊಬೈಲ್ ಹಿಡಿದ ಕೈಗಳೇ ಜಾಸ್ತಿ. ನಾನು ಹೊರಗೆ ನಿಂತು ಕಬ್ಬಿಣದ ಕಂಬಗಳನ್ನು ನೋಡಿದೆ. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ, ಕಬ್ಬಿಣ ಬಂದದ್ದು ಗ್ಲ್ಯಾಸ್ಗೋದ ಎರಕದ ಕಾರ್ಖಾನೆಯಿಂದ. ಇದೆಲ್ಲ ಅಷ್ಟು ಹೊತ್ತಿಗೆ ನನಗೆ ಬಾಯಿಪಾಠ ಆಗಿತ್ತು. ಆ ಚಳಿಯ ದೇಶದಲ್ಲಿ ಗಿಡ ಬೆಚ್ಚಗಿರಲಿ ಅಂತ ಗಾಜಿನ ಮನೆ ಕಟ್ಟುತ್ತಾರೆ. ಬೆಂಗಳೂರಿನ ಗಿಡಕ್ಕೆ ಯಾಕೆ ಸ್ವೆಟರ್ರು? ಇದನ್ನು ಸರ್‌ಗೆ ಕೇಳಿದ್ದೆ. "ಇದು ಗಿಡಕ್ಕಲ್ಲಮ್ಮ, ಪ್ರದರ್ಶನಕ್ಕೆ" ಅಂದಿದ್ದರು. ಆ ನೂಕುನುಗ್ಗಲು ನೋಡಿದ ಮೇಲೆ ಒಪ್ಪಿದೆ.

ಪ್ರದರ್ಶನ ಮುಗಿದ ಮಾರನೇ ದಿನದ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೈಗವಸು, ಗೋಣಿಚೀಲ, ಸಂಜೆತನಕ ಬಗ್ಗಿದ ಬೆನ್ನು. ಐಸ್‌ಕ್ರೀಮ್ ಕಡ್ಡಿಯನ್ನು ಜನ ಹುಲ್ಲಿನಲ್ಲಿ ನೆಟ್ಟು ಹೋಗಿರುತ್ತಾರೆ, ಅದು ಚಿಗುರುತ್ತದೆ ಅಂದುಕೊಂಡಿರಬೇಕು.

ತಿಂಗಳಿಗೊಂದು ಶನಿವಾರ ಮಾತುಕತೆಯೂ ಇರುತ್ತಿತ್ತು. ನನಗೆ ಆಗಿಬರದ ಜಾಗ ಅದು. ಪ್ರೆಸ್ಸಿನಿಂದ ಓಡಿಬಂದು ಫ್ಯಾನ್ ಕೆಳಗೆ ಕೂತರೆ ನಿದ್ದೆ ಎಳೆಯುತ್ತದೆ. ಆದರೆ ಒಂದು ಮಾತುಕತೆ ಪೂರ್ತಿ ಎಚ್ಚರವಾಗಿಟ್ಟಿತು, ಲಾಲ್‌ಬಾಗಿಗೆ ಗಿಡಗಳು ಎಲ್ಲೆಲ್ಲಿಂದ ಬಂದವು ಅನ್ನುವುದರ ಮೇಲೆ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, ಟಿಪ್ಪು ದೂರದೂರದ ದೇಶಗಳಿಂದ ಗಿಡ ಬೀಜ ತರಿಸಿದ್ದು, 1856ರಲ್ಲಿ ಸರ್ಕಾರಿ ಸಸ್ಯತೋಟವಾದದ್ದು ಎಲ್ಲ ಬಂದುಹೋಯಿತು. ಆಮೇಲೆ 1874ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ಇಲ್ಲಿಗೆ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರೂನ್. ಬೆಂಗಳೂರಿಗೆ ಸೀಮೆಬದನೆ ತಂದ ಹೆಸರು ಅವರದೇ ಅಂದಾಗ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ "ಹೌದಾ?" ಅಂದೆವು. ನಮ್ಮ ಪಕ್ಕದ ಮನೆಯ ತಮಿಳಿನವರು ಅದನ್ನು 'ಬೆಂಗಳೂರು ಕತ್ತರಿಕಾಯ್' ಎನ್ನುವುದನ್ನು ಕೇಳಿ, ಬೆಂಗಳೂರಿನದೇ ಕಾಯಿ ಎಂದು ನಾನು ಇಷ್ಟು ವರ್ಷ ಜಂಬ ಪಟ್ಟುಕೊಂಡಿದ್ದೆ. ಮೂಲ ನೋಡಿದರೆ ಮೆಕ್ಸಿಕೋ ಕಡೆಯದು. ಹೆಸರಿನಲ್ಲೇ ಸೀಮೆ ಅಂತ ಇದೆಯಲ್ಲ! ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಹುಣಸೆ. ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮವರು ಆಗಲೇ ಚೀಟಿ ಅಂಟಿಸಿಟ್ಟಿದ್ದಾರೆ, ನಾವು ಓದುವುದಿಲ್ಲ ಅಷ್ಟೆ.

ಕ್ಯಾಮರೂನ್ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಇಲ್ಲಿನ ಗಿಡಗಳ ಚಿತ್ರ ಬರೆದಿದ್ದರು. ಪರದೆಯ ಮೇಲೆ ಕೆಲವನ್ನು ತೋರಿಸಿದರು. ಹುಳು ತಿಂದ ಎಲೆಯನ್ನು ಹುಳು ತಿಂದ ಹಾಗೇ ಬರೆದ ಒಂದು ಚಿತ್ರದ ಮುಂದೆ ನನಗೆ ಮಾತು ನಿಂತಿತು. ನನ್ನ ಕಂಪ್ಯೂಟರಿನಲ್ಲಿ ಹೂಬಳ್ಳಿಯ ಬಾರ್ಡರುಗಳು ನೂರಾರಿವೆ. ಒಂದರ ಎಲೆಗೂ ತೂತಿಲ್ಲ.

ಕ್ರುಂಬಿಗಲ್ ವಿಷಯ ಬಂದಾಗ ಗಂಟೆ ಮುಗಿಯುತ್ತಾ ಬಂದಿತ್ತು. ಜರ್ಮನಿಯ ತೋಟಗಾರಿಕೆ ತಜ್ಞರು, 1908ರಲ್ಲಿ ಲಾಲ್‌ಬಾಗಿಗೆ ಬಂದವರು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡವರು. ಒಂದು ಬೀದಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಬೀದಿಯದು ಅರಳಬೇಕು, ವರ್ಷವಿಡೀ ಊರಲ್ಲಿ ಎಲ್ಲೋ ಒಂದು ಕಡೆ ಹೂ ಇರಬೇಕು ಎಂದು ಲೆಕ್ಕ ಹಾಕಿ ನೆಡಿಸಿದರಂತೆ. ಅವರ ಹೆಸರಿನ ಹಳೇ ಸಭಾಂಗಣ ಲಾಲ್‌ಬಾಗಿನೊಳಗೆ ಇತ್ತು, 2017ರಲ್ಲಿ ಮಳೆಗೆ ಕುಸಿಯಿತು. ಕುಸಿದ ಸುದ್ದಿ ಪೇಪರಿನಲ್ಲಿ ಓದಿದ ನೆನಪು ನನಗಿದೆ. ಯಾರು ಈ ಕ್ರುಂಬಿಗಲ್ ಎಂದು ಆವತ್ತು ಕೇಳಿಕೊಂಡಿರಲಿಲ್ಲ.

ಜುಲೈ ಹೊತ್ತಿಗೆ ಹುಡುಗಿ ಹಿಂದೆ ಬಿದ್ದಳು. "ಆಂಟಿ, ಕನ್ನಡದಲ್ಲಿ ಒಂದು ನಡಿಗೆ ನೀವೇ ಮಾಡಿ." ನಾನು ಸಸ್ಯಶಾಸ್ತ್ರ ಓದಿದವಳಲ್ಲ, ಪಿಯುಸಿಯಲ್ಲಿ ಕಾಮರ್ಸ್, ಅಂದೆ. ಸರ್ ಅದಕ್ಕೆ ಮೂರು ಮಾತು ಹೇಳಿದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಬಿದ್ದ ಹೂ ಮಾತ್ರ ಎತ್ತಿ, ಕೀಳಬೇಡಿ. ಎಂಟು ಮರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮೊದಲಿನ ಎರಡು ಒಪ್ಪಿಕೊಂಡೆ. ಇನ್ನೂರ ನಲವತ್ತು ಎಕರೆ ತೋಟದಲ್ಲಿ ಎಂಟೇ ಮರವೇ ಎಂದು ಇಪ್ಪತ್ತಾರು ಮರದ ಪಟ್ಟಿ ಮಾಡಿಕೊಂಡೆ. ಹದಿನಾಲ್ಕು ಪಾಯಿಂಟಿನ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಕೂಡ ಮಾಡಿಸಿದೆ.

ಸೆಪ್ಟೆಂಬರಿನ ಒಂದು ಭಾನುವಾರ, ಹಿಂದಿನ ರಾತ್ರಿ ಮಳೆ. ಬಂದವರು ಹನ್ನೊಂದು ಜನ. ನಮ್ಮ ಪ್ರೆಸ್ಸಿನ ಬೈಂಡಿಂಗ್ ವಿಭಾಗದ ಮೂವರು, ನಮ್ಮ ರಸ್ತೆಯ ಹೆಂಗಸರು ನಾಲ್ವರು, ತೀರ್ಥಹಳ್ಳಿ ಕಡೆಯ ಒಬ್ಬ ತಾತ, ಉಡುಪಿಯ ಒಬ್ಬ ನರ್ಸು, ಮತ್ತೆ ಮೊದಲ ದಿನದ ಆಟೋದವರು, ಜೊತೆಗೆ ಅವರ ಮಗಳು.

ಮೊದಲ ಮರ ಬಕುಳ. ನಾನು ಬಕುಳ ಅಂದೆ. ಉಡುಪಿಯವರು, "ಇದು ರೆಂಜೆ ಅಲ್ವಾ?" ಅಂದರು. ತಾತ, "ನಮ್ಮಲ್ಲಿ ರಂಜಲು. ಹಣ್ಣು ತಿಂದ್ರೆ ಬಾಯೆಲ್ಲ ಒಗರು" ಅಂದರು. ಬೈಂಡಿಂಗಿನ ಒಬ್ಬಳು ಪಗಡೆ ಅಂದಳು. ಹೆಸರು ಹೇಳಿದವರೆಲ್ಲ ಒಂದೊಂದು ಕತೆಯನ್ನೂ ಜೊತೆಗೇ ತಂದರು. ಉಡುಪಿಯವರ ಅಮ್ಮ ಒಣಗಿದ ರೆಂಜೆ ಹೂವಿನ ಸರವನ್ನು ಸೀರೆಗಳ ನಡುವೆ ಇಡುತ್ತಿದ್ದರಂತೆ, ವರ್ಷ ಕಳೆದರೂ ವಾಸನೆ ಹೋಗುತ್ತಿರಲಿಲ್ಲವಂತೆ. ನೆಲದಲ್ಲಿ ನೆಂದು ಬಿದ್ದಿದ್ದ ಒಂದು ಹೂವನ್ನು, ಸಣ್ಣ ನಕ್ಷತ್ರದ ಥರದ್ದು, ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಮೂಸಿದರು. ಇಪ್ಪತ್ತು ನಿಮಿಷ ಹೋಯಿತು. ಪಟ್ಟಿಯಲ್ಲಿ ಇನ್ನೂ ಇಪ್ಪತ್ತೈದು ಮರ.

ಅಶೋಕದ ಹತ್ತಿರ ಆಟೋದವರ ಮಗಳು ತಕರಾರು ತೆಗೆದಳು. ಅಶೋಕ ಅಂದರೆ ಸ್ಕೂಲ್ ಕಾಂಪೌಂಡಿನಲ್ಲಿ ಉದ್ದಕ್ಕೆ ಕಂಬದ ಥರ ಇರುವುದು, ಇದಲ್ಲ ಅಂತ. ನಿಜ, ಊರೆಲ್ಲ ಅದನ್ನೇ ಅಶೋಕ ಅನ್ನುತ್ತದೆ. ಆದರೆ ಸೀತೆ ಕೂತ ಕತೆಯ ಅಶೋಕ ಬೇರೆ, ಕಿತ್ತಳೆ ಬಣ್ಣದ ಹೂಗೊಂಚಲು ಕಾಂಡಕ್ಕೇ ಅಂಟಿಕೊಂಡು ಬರುವುದು. ಅವಳು ಎರಡರ ಎಲೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು ಅಂದಳು. ನೆಲದಲ್ಲಿ ಹುಡುಕಿ ಇಟ್ಟು ನೋಡಿದೆವು. ಇನ್ನೂ ಹದಿನೈದು ನಿಮಿಷ.

ಆಮೇಲೆ ನನ್ನ ಗ್ರಹಚಾರ. ಲಾಲ್‌ಬಾಗಿನ ಆ ಹೆಸರಾಂತ ದೊಡ್ಡ ಬೂರುಗದ ಬುಡಕ್ಕೆ ಬಂದೆವು. ಬೇರು ನೆಲದಿಂದ ಎದ್ದು ಗೋಡೆಯ ಹಾಗೆ ಆಳೆತ್ತರ ನಿಂತಿದೆ. ಎಲ್ಲರೂ ಬಾಯಿ ತೆರೆದು ನಿಂತಿದ್ದರು. ನಾನು ಹುರುಪಿನಿಂದ, "ಎಲೆಯೆಲ್ಲ ಉದುರಿದ ಮೇಲೆ ಅಂಗೈಯಷ್ಟು ದೊಡ್ಡ ಕೆಂಪು ಹೂ ಬಿಡುತ್ತೆ, ಮೈನಾ ಹಕ್ಕಿಗಳೆಲ್ಲ ಮುತ್ತಿಕೊಳ್ಳುತ್ತವೆ" ಎಂದು ವರ್ಣಿಸುತ್ತಿದ್ದೆ. ಹಿಂದಿನಿಂದ ಒಂದು ದನಿ.

"ಅಮ್ಮಾ, ಅದು ಕೆಂಪು ಬೂರುಗ. ಇದು ಬಿಳಿ ಬೂರುಗ."

ತೋಟದ ಮಾಲಿ, ಭುಜದ ಮೇಲೆ ಪೈಪಿನ ಸುರುಳಿ. ಅವರೇ ಬಿಡಿಸಿ ಹೇಳಿದರು. ಇದರ ಹೂ ಸಣ್ಣದು, ಹಾಲಿನ ಕೆನೆ ಬಣ್ಣ, ರಾತ್ರಿ ಅರಳುತ್ತದೆ. ಇದಕ್ಕೆ ಬರುವುದು ಮೈನಾ ಅಲ್ಲ, ಬಾವಲಿ. ಬೆಳಿಗ್ಗೆ ಬಂದವರಿಗೆ ಬಿದ್ದದ್ದು ಮಾತ್ರ ಕಾಣುವುದು. ಕಾಯಿ ಒಡೆದರೆ ಅರಳೆ, ದಿಂಬಿಗೆ ತುಂಬುವುದು. ಬೈಂಡಿಂಗಿನವಳು, "ಅದೇ ಬೂರುಗದ ಹತ್ತಿ ದಿಂಬು, ನಮ್ಮನೇಲಿ ಇನ್ನೂ ಇದೆ" ಅಂದಳು. ನನ್ನ ಕಿವಿ ಬಿಸಿಯಾಗಿತ್ತು. ಸರ್ ಹೇಳಿದ ಮೊದಲ ಮಾತು ನೆನಪಾಗಿ, "ನನಗೆ ಗೊತ್ತಿರಲಿಲ್ಲ, ತಪ್ಪು ಹೇಳಿಬಿಟ್ಟೆ" ಅಂದೆ. ಮಾಲಿ, "ಪರವಾಗಿಲ್ಲ ಬಿಡಿ, ಬೋರ್ಡಲ್ಲಿ ಇಂಗ್ಲಿಷಲ್ಲಿ ಏನೋ ಬರೆದವ್ರೆ, ನಾನು ಓದಿಲ್ಲ" ಎಂದು ಹೋದರು. ಲ್ಯಾಮಿನೇಟ್ ಮಾಡಿಸಿದ ಪಟ್ಟಿಯಲ್ಲಿ ತಪ್ಪು ಹೊಡೆಯಲು ಪೆನ್ನು ಹಿಡಿದರೆ ಇಂಕು ನಿಲ್ಲಲಿಲ್ಲ.

ಕೊನೆಗೆ ನಾಗಲಿಂಗ. ಇದೊಂದನ್ನು ಬಿಡುವ ಹಾಗಿರಲಿಲ್ಲ. ಮಳೆಗೆ ಹೂ ಧಾರಾಳ ಬಿದ್ದಿತ್ತು. ಒಂದನ್ನು ಎತ್ತಿ ಹೆಡೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ಎಲ್ಲರಿಗೂ ತೋರಿಸಿದೆ. ಹೆಡೆಯ ಒಳಗಿನ ಎಳೆಗಳಲ್ಲೂ ಪರಾಗ ಇದೆ, ಕೆಳಗೆ ಲಿಂಗದ ಸುತ್ತ ಉಂಗುರದ ಹಾಗೆ ಇರುವ ಗಿಡ್ಡ ಎಳೆಗಳಲ್ಲೂ ಇದೆ. ಎರಡೂ ಒಂದೇ ಅಲ್ಲ. ಹೆಡೆಯದ್ದು ಬರಿಯ ಊಟ, ಅದರಿಂದ ಕಾಯಿ ಕಟ್ಟುವುದಿಲ್ಲ. ದುಂಬಿ ಹೆಡೆಯ ಪರಾಗಕ್ಕೆ ಬಂದು ಮೈ ತೂರಿಸಿದಾಗ ಅದರ ಬೆನ್ನಿಗೆ ಉಂಗುರದ ಪರಾಗ ಮೆತ್ತಿಕೊಳ್ಳುತ್ತದೆ. ಕಾಯಿ ಕಟ್ಟುವುದು ಅದರಿಂದ. ನಮ್ಮ ರಸ್ತೆಯ ಒಬ್ಬರು ಎಲ್ಲ ಕೇಳಿ, "ಪ್ರಸಾದ ಬೇರೆ, ನೈವೇದ್ಯ ಬೇರೆ ಅನ್ನು" ಅಂದರು. ನನ್ನ ಪಟ್ಟಿಯಲ್ಲಿದ್ದ ನಾಲ್ಕು ಸಾಲಿನ ವಿವರಣೆಗಿಂತ ಅದು ಚೆನ್ನಾಗಿತ್ತು.

ಈ ಮರದ ತವರು ದಕ್ಷಿಣ ಅಮೆರಿಕ ಅಂದಾಗ ಯಾರೂ ನಂಬಲಿಲ್ಲ. ಗುಡಿ ಮುಂದಿನ ಮರ ಹೊರದೇಶದ್ದು ಹೇಗಾದೀತು? ಆಟೋದವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಈಶ್ವರ ಅಲ್ಲಿಗೆ ಯಾವಾಗ ಹೋಗಿದ್ದ?" ಅಂದರು. ನಗು ನಿಲ್ಲಲು ಹೊತ್ತಾಯಿತು. ಗಡಿಯಾರ ನೋಡಿದರೆ ಎರಡು ಗಂಟೆ ಕಳೆದಿತ್ತು, ಮುಗಿಸಿದ್ದು ಆರು ಮರ. ಸರ್ ದೂರದ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಹತ್ತಿರ ಹೋದಾಗ, "ಎಂಟು ಅಂತ ಹೇಳಿದ್ದು ಜಾಸ್ತಿಯಾಯ್ತಾ?" ಎಂದರು.

ಆ ಐನೂರು ಕೈಪತ್ರ ಖರ್ಚಾದ ಮೇಲೆ ಎರಡನೇ ಮುದ್ರಣಕ್ಕೆ ಬಂದರು. ಈ ಸಲ ತಿದ್ದಲು ಒಪ್ಪಿಗೆ ಇತ್ತು. ನಾಗಲಿಂಗ, ಮುತ್ತುಗ ಎಲ್ಲ ಸರಿಮಾಡಿದೆ, ಬಿಳಿ ಬೂರುಗಕ್ಕೆ ಬಿಳಿ ಸೇರಿಸಿದೆ. ಆಮೇಲೆ ನನ್ನದೇ ತಲೆಹರಟೆಯಿಂದ ಪ್ರತಿ ಮರದ ಕೆಳಗೂ ಒಂದು ಚುಕ್ಕಿಗೆರೆ ಎಳೆದು, 'ನಿಮ್ಮ ಕಡೆ ಏನಂತಾರೆ?' ಎಂದು ಸಣ್ಣ ಅಕ್ಷರದಲ್ಲಿ ಹಾಕಿದೆ. ಬರೆದು ವಾಪಸ್ ಕೊಡಿ ಎಂದು ನಡಿಗೆಗೆ ಬಂದವರಿಗೆ ಪೆನ್ಸಿಲನ್ನೂ ಕೊಡುತ್ತೇವೆ. ಹಾಗೆ ಬಂದವು ಒಂದು ಚಪ್ಪಲಿ ಡಬ್ಬಿಯ ತುಂಬಾ ಇವೆ. ಪ್ರೆಸ್ಸಿನಲ್ಲಿ ಕೆಲಸ ಕಡಿಮೆ ಇದ್ದಾಗ ಊರಿನ ಪ್ರಕಾರ ಜೋಡಿಸುತ್ತೇನೆ. ಹುಣಸೆಗೆ ಹುಣಚಿ, ಸೀಬೆಗೆ ಪೇರಲ, ಚೇಪೆ. ಕೆಲವು ಹೆಸರು ಓದಲು ಆಗುವುದಿಲ್ಲ, ಕೆಲವು ಹೊಸ ಜಗಳ ಹುಟ್ಟಿಸುತ್ತವೆ.

ದಾರಿ ಗುಡಿಸುವ ಅಕ್ಕನಿಗೂ ಒಂದು ಕೊಟ್ಟಿದ್ದೆ. ಓದು ಬರಹ ಬರುವುದಿಲ್ಲ, ಮಗಳ ಹತ್ತಿರ ಬರೆಸಿಕೊಂಡು ಬರುತ್ತೇನೆ ಅಂದಿದ್ದರು. ಎರಡು ವಾರ ಬಿಟ್ಟು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟರು. ಹೊಂಗೆಯ ಕೆಳಗಿನ ಚುಕ್ಕಿಗೆರೆಯ ಮೇಲೆ ನೀಲಿ ಇಂಕಿನಲ್ಲಿ, ಶಾಲೆಯ ದುಂಡು ಅಕ್ಷರದಲ್ಲಿ, 'ಶಿವರಾತ್ರಿ ಕಸ' ಎಂದಿತ್ತು.

ಈಗ ಮೂರನೇ ಮುದ್ರಣಕ್ಕೆ ಪುಟ ಕಟ್ಟುತ್ತಿದ್ದೇನೆ. ಹೊಂಗೆಯ ಮುಂದೆ ಹುಲಿಗಿಲಿ ಆದಮೇಲೆ ಅದನ್ನೂ ಸೇರಿಸಿ ಪ್ರೂಫ್ ಕಳಿಸಿದ್ದೇನೆ. ಸರ್ ಇನ್ನೂ ನೋಡಿಲ್ಲ.